ನಲವತ್ತಕ್ಕೂ ಐವತ್ತಕ್ಕೂ ನಡುವೆ

ನನ್ನ ಹೊಸ ಗಣಕಯಂತ್ರ ದಿನಾ ಬೆಳಿಗ್ಗೆ ನನಗೊಂದು ಪ್ರಶ್ನೆ ಕೇಳುತ್ತದೆ. ತನ್ನನ್ನು ತಾನು ನವೀಕರಿಸಿಕೊಳ್ಳಬೇಕಾಗಿದೆ, ಆ ಶುಭಕಾರ್ಯವನ್ನು ಈಗಲೇ ಕೈಗೊಳ್ಳಲೋ ಅಥವಾ ನಾಳೆ ನೆನಪಿಸಲೋ ಎಂಬುದು ಅದರ ವಿನಯಪೂರ್ವಕ ವಿಚಾರಣೆ. ನಾನೂ ಅಷ್ಟೇ ವಿನಯದಿಂದ 'ನಾಳೆ' ಎಂಬಲ್ಲಿ ಒತ್ತುತ್ತೇನೆ. ಮರುದಿನ ಅದು ಮತ್ತೆ ಕೇಳುತ್ತದೆ, ನಾನು ಮತ್ತೆ ಒತ್ತುತ್ತೇನೆ. ಜಮಖಂಡಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಲೆಕ್ಕ ಬಿಡಿಸಿಕೊಂಡು ಬಂದಿರೇನು ಎಂದು ಕೇಳಿದಾಗ ಹಿಂದಿನ ಬೆಂಚಿನವರು 'ನಾಳಿ ತರ್ತೇವ್ರಿ ಸರ' ಎಂದು ಒಪ್ಪಿಸುತ್ತಿದ್ದ ಪಾಠವನ್ನೇ ಈಗ ನಾನು ಯಂತ್ರಕ್ಕೆ ಒಪ್ಪಿಸುತ್ತಿದ್ದೇನೆ. ವಿದ್ಯಾರ್ಥಿಗಳಿಂದ ನಾನು ಕಲಿತದ್ದು ಸ್ವಲ್ಪವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಯಂತ್ರ ಬೆಂಚಿನ ಮುಂದೆ ನಿಂತ ಮೇಷ್ಟರಷ್ಟು ಮೃದುವಲ್ಲ. ಹತ್ತು ಹನ್ನೆರಡು ದಿನ ತಾಳಿಕೊಂಡು, ಒಂದು ಬೆಳಿಗ್ಗೆ ನನ್ನನ್ನು ಕೇಳದೆಯೇ ನವೀಕರಣಕ್ಕೆ ಕೂತುಬಿಡುತ್ತದೆ. ನಾನು ಕೂತದ್ದು ನಮ್ಮ ಓಣಿಯ ನಳದ ನೀರಿನ ಬಗ್ಗೆ ನಗರಸಭೆಗೆ ನಾಲ್ಕು ಸಾಲಿನ ಅರ್ಜಿ ಬರೆಯಲು. ತೆರೆಯ ಮೇಲೆ ಮಾತ್ರ ಒಂದು ಚಕ್ರ ತಿರುಗುತ್ತ, ಪ್ರತಿಶತ ಹನ್ನೊಂದು, ಪ್ರತಿಶತ ಹದಿನಾಲ್ಕು, ದಯವಿಟ್ಟು ಬಂದ್ ಮಾಡಬೇಡಿ ಎನ್ನುತ್ತಿರುತ್ತದೆ. ಚಹಾ ಆರುತ್ತದೆ, ನಳದ ಮೇಲಿನ ಸಿಟ್ಟೂ ಆರುತ್ತದೆ. ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದಲೇ ಸಮಾಧಾನ ಹೇಳುತ್ತಾಳೆ: "ಅದು ಜಳಕಕ್ಕ ಹೋಗೇತಿ, ಬರ್ತೈತಿ ತಡೀರಿ."

ಇಂಥ ಬೆಳಗುಗಳಲ್ಲಿಯೇ ನನಗೆ ನನ್ನ ಹಳೆಯ ಗಣಕಯಂತ್ರದ ನೆನಪು ಬರುವುದು. ಅದು ನಮ್ಮ ಪಡಸಾಲೆಯ ಕಬ್ಬಿಣದ ಟ್ರಂಕಿನಲ್ಲಿ, ಸುಮಿತ್ರಾಳ ಹಳೆಯ ಇಳಕಲ್ ಸೀರೆಯೊಂದರಲ್ಲಿ ಸುತ್ತಿಕೊಂಡು ಮಲಗಿದೆ. ನೋಡಲು ಅದು ಬರಿಯ ಕೀಲಿಮಣೆ. ಅಕ್ಷರಗಳ ಹಲಗೆಯೇ ಇಡೀ ಯಂತ್ರ. ಮುಖ ಬೇಕಾದರೆ ಮನೆಯ ಟೀವಿಯನ್ನೂ, ನೆನಪು ಬೇಕಾದರೆ ಹಾಡು ಕೇಳುವ ಟೇಪ್ ರೆಕಾರ್ಡರನ್ನೂ ಎರವಲು ಪಡೆಯಬೇಕಾದ ಬಡ ಗೃಹಸ್ಥ. ಆದರೆ ಗುಂಡಿ ಒತ್ತಿದ ಮರುಕ್ಷಣವೇ 'ಸಿದ್ಧ' ಎಂದು ಎದ್ದು ನಿಲ್ಲುತ್ತಿತ್ತು. ಜಳಕವಿಲ್ಲ, ಜಪವಿಲ್ಲ, ನಿಮ್ಮ ಗುಪ್ತಪದವೇನು ಎಂಬ ಅನುಮಾನವಿಲ್ಲ. ನೀವು ಕಲಿಸಿದಷ್ಟನ್ನೇ ಅದು ಬಲ್ಲದು, ಹೇಳಿದಷ್ಟನ್ನೇ ಮಾಡುವುದು, ತಪ್ಪು ಹೇಳಿದರೆ ತಪ್ಪನ್ನೇ ನಿಷ್ಠೆಯಿಂದ ಮಾಡುವುದು. ಈ ಹೊಸದು ನಾನು ಒಂದು ಪದ ಬರೆಯುವುದರೊಳಗೆ ಮುಂದಿನ ಮೂರು ಪದಗಳನ್ನು ತಾನೇ ಸೂಚಿಸುತ್ತದೆ. ಅದರ ಎದುರು ಕೂತಾಗ ನಾನು ಯಜಮಾನನೋ ಅತಿಥಿಯೋ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಹಳೆಯದರ ಎದುರು ಆ ಸಂಶಯವಿರಲಿಲ್ಲ. ಅದಕ್ಕೆ ನಾನಿಲ್ಲದೆ ಏನೂ ಬರುತ್ತಿರಲಿಲ್ಲ, ಮತ್ತು ಮನುಷ್ಯನ ಅಹಂಕಾರಕ್ಕೆ ಇದಕ್ಕಿಂತ ರುಚಿಯಾದ ಆಹಾರ ಇನ್ನೊಂದಿಲ್ಲ.

ನನಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಗೆಳೆಯನೊಬ್ಬ ಮುಂಬಯಿಯಲ್ಲಿ ಬಳಸಿ ಬಿಟ್ಟದ್ದನ್ನು ಕೊಲ್ಹಾಪುರದ ತನಕ ತಂದು ಕೊಟ್ಟ. ಅಲ್ಲಿಂದ ಜಮಖಂಡಿಯವರೆಗೆ ನಾನದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಹಿರಿಯರು ಅದನ್ನು ಹಾರ್ಮೋನಿಯಂ ಎಂದು ತಿಳಿದು, ಯಾವ ಭಜನಾ ಮೇಳದವರು ಎಂದು ವಿಚಾರಿಸಿದರು. ಮನೆಗೆ ಬಂದ ಮೇಲೆ ಭಾನುವಾರದ ಟೀವಿ ನನ್ನ ವಶವಾಯಿತು. ಓಣಿಯ ಹೆಂಗಸರು ಸಿನಿಮಾ ನೋಡಲೆಂದು ಬಂದು ಕೂತರೆ, ನಾನು ತೆರೆಯ ಮೇಲೆ ಒಂದು ಚುಕ್ಕಿಯನ್ನು ಎಡದಿಂದ ಬಲಕ್ಕೆ ಓಡಿಸಿ ತೋರಿಸುತ್ತಿದ್ದೆ. ಎರಡು ಭಾನುವಾರ ಅವರು ಶಿಷ್ಟಾಚಾರಕ್ಕಾಗಿ ನೋಡಿದರು. ಮೂರನೆಯ ಭಾನುವಾರದಿಂದ ಎದುರು ಮನೆಗೆ ಹೋದರು. ಸುಮಿತ್ರಾಳೂ ಅವರ ಜೊತೆಗೆ ಹೋದಳು.

ಆ ಯಂತ್ರಕ್ಕೆ ಆದೇಶ ಕೊಡುವ ಕ್ರಮದಲ್ಲಿ ಒಂದು ಸೊಗಸಿತ್ತು, ಅದನ್ನು ಇಲ್ಲಿ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡಬೇಕು; ಯಂತ್ರ ಆ ಸಂಖ್ಯೆಯ ಅನುಕ್ರಮದಲ್ಲಿ ನಡೆಯುತ್ತದೆ. ತಿಳಿದವರು ಒಂದು, ಎರಡು, ಮೂರು ಎಂದು ಕೊಡುತ್ತಿರಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು ಎಂದು ಕೊಡುತ್ತಿದ್ದರು. ನಡುವೆ ಒಂಬತ್ತು ಜಾಗ ಖಾಲಿ. ಏಕೆಂದರೆ ಮನುಷ್ಯ ಮರೆಯುತ್ತಾನೆ; ಮರೆತದ್ದು ಆಮೇಲೆ ನೆನಪಾದಾಗ ಅದನ್ನು ಸೇರಿಸಲು ಎಡೆ ಇರಬೇಕು. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಏನಾದರೂ ಬಿಟ್ಟುಹೋಗಿದ್ದರೆ ಇಪ್ಪತ್ತೈದು ಎಂದು ಕೊಟ್ಟು ಕೊನೆಯಲ್ಲಿ ಬರೆದರೂ ಸಾಕು, ಯಂತ್ರ ತಾನೇ ಅದನ್ನು ಒಯ್ದು ಅದರ ಸ್ಥಾನದಲ್ಲಿ ಕೂರಿಸುತ್ತಿತ್ತು. ಬಿಟ್ಟದ್ದನ್ನು ತಡವಾಗಿ ಸೇರಿಸಿದರೂ ಮೊದಲಿನಿಂದ ಇದ್ದ ಹಾಗೆ ಮಾಡುವ ಈ ಔದಾರ್ಯವನ್ನು ನಾನು ಬೇರೆ ಯಾವ ವ್ಯವಸ್ಥೆಯಲ್ಲಿಯೂ ಕಂಡಿಲ್ಲ.

ನಾವು ಬನಹಟ್ಟಿಯ ನೇಕಾರರು. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತ್ತು, ಆದರೆ ಅವ್ವ ರಾಟಿ ಬಿಟ್ಟಿರಲಿಲ್ಲ. ನೆರೆಯವರ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು, ಎಂದರೆ ಲಾಳಿಯೊಳಗೆ ಕೂರುವ ಆ ಸಣ್ಣ ಕೊಳವೆಗಳಿಗೆ ನೂಲು ತುಂಬುತ್ತಿದ್ದಳು. ಅಕ್ಷರ ಬಾರದವಳು. ಆದರೆ ಎಳೆಗಳ ವಿಷಯದಲ್ಲಿ ಅವಳ ಕಣ್ಣು ತಪ್ಪುತ್ತಿರಲಿಲ್ಲ. ಬಟ್ಟೆಯ ಅಂಗಡಿಯಲ್ಲಿ ನೇತುಹಾಕಿದ ಸೀರೆಯನ್ನು ರಸ್ತೆಯಿಂದಲೇ ನೋಡಿ ದಡಿಯಲ್ಲಿ, ಎಂದರೆ ಅಂಚಿನಲ್ಲಿ, ಎಲ್ಲಿ ಎಳೆ ತಪ್ಪಿದೆ ಎಂದು ಹೇಳುವಳು. ಅವಳು ಒಮ್ಮೆ ಜಮಖಂಡಿಗೆ ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದಳು. ಅವಳನ್ನು ಮೆಚ್ಚಿಸಬೇಕೆಂದು ನಾನು ಸೀರೆಯ ದಡಿ ಬರೆಯುವ ಒಂದು ಆದೇಶಮಾಲೆ ಹೆಣೆದೆ. ಎರಡು ಬದಿಗೆ ಗೆರೆ, ನಡುವೆ ನಕ್ಷತ್ರದಂಥ ಚಿಕ್ಕಿ. ಭಾನುವಾರ ಮಧ್ಯಾಹ್ನ ಅವಳನ್ನು ಟೀವಿಯ ಮುಂದೆ ಕೂರಿಸಿ ಓಡಿಸಿದೆ. ಕಪ್ಪು ತೆರೆಯ ಮೇಲೆ ಬಿಳಿಯ ದಡಿ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡಿ ಬಂತು. ನಾನು ಪ್ರಶಂಸೆಗಾಗಿ ಅವಳ ಮುಖ ನೋಡಿದೆ.

"ಚಿಕ್ಕಿ ನಡುಬರಕ ಕುಂತಿಲ್ಲಲ್ಲೋ ಮಲ್ಯಾ," ಎಂದಳು ಅವ್ವ. "ಬಲಕ್ಕ ಎರಡ ಎಳಿ ಜಾಸ್ತಿ ಆಗ್ಯಾವ ನೋಡು."

ನಾನು ಗಣಿತದ ಪದವಿಯನ್ನು ನೆನಪಿಸಿಕೊಂಡು, ಸಾಧ್ಯವಿಲ್ಲ ಎಂದೆ. ಅವಳು ವಾದಿಸಲಿಲ್ಲ, ಎದ್ದು ಬಂದು ತೆರೆಗೆ ಬೆರಳು ಹಚ್ಚಿ ಎಣಿಸಿದಳು. ಎಡಕ್ಕೆ ಆರು, ಬಲಕ್ಕೆ ಎಂಟು. ನಲವತ್ತನೆಯ ಸಾಲಿನಲ್ಲಿ ನಾನು ಮಾಡಿದ ತಪ್ಪು. ನಲವತ್ತಕ್ಕೂ ಐವತ್ತಕ್ಕೂ ನಡುವೆ ನಲವತ್ತೈದು ಎಂದು ಕೊಟ್ಟು, ಬಲಕ್ಕೆ ಎರಡು ಕಳೆ ಎಂಬ ಆದೇಶ ಸೇರಿಸಿದೆ. ದಡಿ ಮತ್ತೆ ಮೂಡಿತು, ಚಿಕ್ಕಿ ನಟ್ಟನಡುವೆ ಬಂದು ಕೂತಿತು. "ಹಾಂ, ಈಗ ಬರೋಬರಿ ಆತು," ಎಂದು ಅವ್ವ ಚಹಾ ಕುಡಿಯಲು ಒಳಗೆ ಹೋದಳು. ಅಕ್ಷರ ಬಾರದ ಹೆಂಗಸೊಬ್ಬಳು ಗಣಕಯಂತ್ರಕ್ಕೆ ಆದೇಶ ಬರೆಸಿದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲಿರಬೇಕು ಎಂದು ನಾನು ಬೀಗಿದೆ.

ಇಲ್ಲಿಯವರೆಗೆ ಹೇಳುವುದು ಸುಲಭ. ಓದುಗರೇ, ಮುಂದಿನದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಯಂತ್ರದ ದೋಷವೆಂದರೆ ವಿದ್ಯುತ್ತು ಹೋದೊಡನೆ ಅದು ಸರ್ವಸ್ವವನ್ನೂ ಮರೆಯುತ್ತಿತ್ತು. ಬರೆದದ್ದು ಉಳಿಯಬೇಕಾದರೆ ಅದನ್ನು ದನಿಯಾಗಿ ಮಾಡಿ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ನಮ್ಮಲ್ಲಿ ಸಂಜೆ ಐದಕ್ಕೆ ಕರೆಂಟು ಹೋಗುವ ಕಾಲ; ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಉಳಿದಿತ್ತು. ಖಾಲಿ ಕ್ಯಾಸೆಟ್ಟು ಮನೆಯಲ್ಲಿರಲಿಲ್ಲ, ಭಾನುವಾರವಾದ್ದರಿಂದ ಅಂಗಡಿ ತೆರೆದಿರಲಿಲ್ಲ. ಮೇಜಿನ ಸೆಳೆಖಾನೆಯಲ್ಲಿ ಒಂದೇ ಒಂದು ಕ್ಯಾಸೆಟ್ಟು ಇತ್ತು. ಅದರ ಮೇಲೆ 'ಅವ್ವನ ಪದ' ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು.

ಆ ಕ್ಯಾಸೆಟ್ಟು ನನ್ನದಲ್ಲ, ಶಾಂತಕ್ಕನದು. ತೇರದಾಳಕ್ಕೆ ಕೊಟ್ಟ ನಮ್ಮ ಹಿರಿಯಕ್ಕ ಅವಳು. ಅವ್ವ ರಾಟಿ ತಿರುಗಿಸುತ್ತ ಬೀಸುಕಲ್ಲಿನ ಧಾಟಿಯಲ್ಲಿ ತಾನೇ ಕಟ್ಟಿದ ತ್ರಿಪದಿಗಳನ್ನು ಹಾಡುತ್ತಿದ್ದಳು. ಒಂದೊಂದು ಮಗುವಿನ ಮೇಲೂ ಒಂದೊಂದು ಪದ, ಮೊದಲನೆಯದು ಶಾಂತಕ್ಕನ ಮೇಲೆ. ಒಮ್ಮೆ ಪಂಚಮಿಗೆ ಅಕ್ಕ ತವರಿಗೆ ಬಂದಾಗ ಅವಳ ಗಂಡ, ನಾವೆಲ್ಲ ಮಾಮಾ ಎನ್ನುತ್ತಿದ್ದವರು, ತಮ್ಮ ಟೇಪ್ ರೆಕಾರ್ಡರ್ ತಂದು ಅವ್ವನ ಎದುರಿಗಿಟ್ಟು ಅವೆಲ್ಲವನ್ನೂ ಹಿಡಿದಿದ್ದರು. ಹಿಡಿದ ಮೇಲೆ ಕ್ಯಾಸೆಟ್ಟಿನ ಬೆನ್ನಿಗಿದ್ದ ಪುಟ್ಟ ಪ್ಲಾಸ್ಟಿಕ್ ಚಿಪ್ಪನ್ನು ಅಡಕೊತ್ತಿನ ತುದಿಯಿಂದ ಮುರಿದುಹಾಕಿದ್ದರು. ಹಾಗೆ ಮುರಿದರೆ ಅದರ ಮೇಲೆ ಮತ್ತೊಂದನ್ನು ತುಂಬಲು ಬರುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, "ಪ್ಯಾಟ್ಯಾಗ ಇನ್ನೊಂದ ಮಾಡಿಸಿ ಕೊಡೋ ಮಲ್ಲು. ಒಂದ ನನಗ, ಒಂದ ನಿನಗ," ಎಂದಿದ್ದಳು. ನಾಳೆ ಮಾಡಿಸುತ್ತೇನೆ ಎಂದು ನಾನು ಏಳೆಂಟು ತಿಂಗಳಿಂದ ಹೇಳುತ್ತ ಬಂದಿದ್ದೆ.

ಮಾಮಾ ಮುರಿದ ಆ ಚಿಪ್ಪಿನ ಜಾಗದ ಮೇಲೆ ನಾನು ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿದೆ. ಅವಸರದ ಅಚಾತುರ್ಯ ಎಂದು ಹೇಳಿಕೊಳ್ಳಲು ನನಗೆ ಈ ಅಂಟುಪಟ್ಟಿ ಎಡೆ ಕೊಡುವುದಿಲ್ಲ. ಕತ್ತರಿ ಹುಡುಕಿದ್ದೇನೆ, ಅಳತೆಗೆ ಕತ್ತರಿಸಿದ್ದೇನೆ, ಉಗುರಿನಿಂದ ತೀಡಿ ಕೂರಿಸಿದ್ದೇನೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ತರ್ಕ: ಅವ್ವ ಒಳಗೇ ಕೂತು ಚಹಾ ಕುಡಿಯುತ್ತಿದ್ದಾಳೆ, ಪದ ಎಲ್ಲಿ ಹೋಗುತ್ತದೆ, ನಾಳೆ ಹಾಡಿಸಿದರಾಯಿತು. ದಡಿ ಮಾತ್ರ ಐದು ಗಂಟೆಗೆ ಹೋಗಿಬಿಡುತ್ತದೆ. ಮೊದಲ ಎರಡು ನಿಮಿಷ ಮಾತ್ರ ಬಳಸುತ್ತೇನೆ ಎಂದುಕೊಂಡು ಗುಂಡಿ ಒತ್ತಿದೆ. ತುಂಬಿದ್ದು ಸರಿಯಾಗಿದೆಯೋ ಎಂದು ಹಿಂದಕ್ಕೆ ಸುತ್ತಿ ಹಚ್ಚಿದೆ. ಕೀರಲು ದನಿಯ ಕರ್ಕಶ ಅಲೆ ಪಡಸಾಲೆ ತುಂಬಿತು. ಒಳಗಿನಿಂದ ಅವ್ವ ನಗುತ್ತ, "ಯಾವ ಮಗ್ಗೋ ಅದು? ಎಣ್ಣಿ ಹಾಕಿಲ್ಲೇನು?" ಎಂದಳು. ನಾನೂ ನಕ್ಕೆ. ಅವಳು ಕೇಳಿದ್ದು ತನ್ನ ಪದದ ಜಾಗದಲ್ಲಿ ಕೂತ ಸದ್ದನ್ನು ಎಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಎರಡು ನಿಮಿಷ ಅಲ್ಲಿಗೇ ನಿಲ್ಲಲಿಲ್ಲ. ಒಮ್ಮೆ ಕೆಟ್ಟ ಮೇಲೆ ಉಳಿದದ್ದನ್ನು ಕಾಯುವ ಉತ್ಸಾಹ ಯಾರಿಗೂ ಇರುವುದಿಲ್ಲ. ಆ ತಿಂಗಳಲ್ಲಿ ಇನ್ನೊಂದು ದಡಿ, ಇನ್ನೊಂದು ಸೆರಗು ಎಂದು ಒಂದರ ಹಿಂದೊಂದು ತುಂಬುತ್ತ ಹೋದೆ. 'ಅವ್ವನ ಪದ' ಎಂಬುದನ್ನು ಗೀರಿ 'ದಡಿ ೧' ಎಂದು ಬರೆದೆ. ಶಾಂತಕ್ಕನ ಪದ ಮೊದಲು ಹೋಯಿತು, ನನ್ನದು ಆಮೇಲೆ. ಮತ್ತೆ ಹಾಡೆಂದು ಅವ್ವನನ್ನು ನಾನು ಕೇಳದೆ ಇರಲಿಲ್ಲ. ಮುಂದಿನ ಪಂಚಮಿಗೆ ಎಂದುಕೊಂಡೆ, ಆ ಪಂಚಮಿ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹೋಯಿತು. ಮರುವರ್ಷ ಕೇಳಿದಾಗ ಅವಳ ಗಂಟಲು ಕಟ್ಟಿತ್ತು, "ಈಗೆಲ್ಲಿ ದನಿ ಐತೋ, ಬಿಡು," ಎಂದಳು. ಆ ಗಂಟಲು ಮತ್ತೆ ಬಿಡಲಿಲ್ಲ. ಕೊನೆಯ ವರ್ಷ ಅವಳು ಸನ್ನೆಯಲ್ಲಿಯೇ ಮಾತಾಡಿದಳು. ಅವ್ವ ಹೋದ ಮೇಲೆ ಅಕ್ಕ ಕ್ಯಾಸೆಟ್ಟು ಕೇಳಿದಾಗ, ಇಲಿ ಕಡಿದು ಹಾಕಿತು ಎಂದು ಹೇಳಿದೆ. ಈಗಿನ ಗಣಕಯಂತ್ರಗಳಿಗೆಲ್ಲ ಇಲಿ ಇರುತ್ತದೆ, ಆ ಹಳೆಯದಕ್ಕೆ ಇರಲಿಲ್ಲ. ಅದಕ್ಕೊಂದು ಇಲಿಯನ್ನು ಜೋಡಿಸಿದವನು ನಾನೇ.

ಅಕ್ಕ ನಂಬಿದಳು. ಆದರೆ ವಯಸ್ಸಾದಂತೆ ಅವಳಿಗೆ ತನ್ನ ಮೇಲಿನ ಪದದ ಗೀಳು ಹಿಡಿಯಿತು. ತ್ರಿಪದಿಯ ಎರಡು ಸಾಲು ಬರುತ್ತವೆ, ಮೂರನೆಯದು ಬರುವುದಿಲ್ಲ.

ತೇರದಾಳದ ಹಾದಿ ತಿರುವಿಗೊಂದೊಂದು ಬೇವ
ತಿರುತಿರುಗಿ ನೋಡ್ಯಾಳ ನನ ಶಾಂತಿ

ನೋಡಿ ಏನಾಯಿತು, ಅತ್ತಳೋ, ನಕ್ಕಳೋ, ಕೈ ಬೀಸಿದಳೋ, ಅವ್ವ ಏನೆಂದು ಹಾಡಿದ್ದಳು ಎಂಬುದು ಮೂರನೆಯ ಸಾಲಿನಲ್ಲಿತ್ತು. ಮಾಮಾ ಇದ್ದಷ್ಟು ದಿನ ಅವರಿಗೆ ಬಾಯಿಪಾಠವಿತ್ತಂತೆ; ಅವರು ಹೋಗಿಯೂ ಆರು ವರ್ಷವಾಯಿತು. ಪ್ರತಿ ಭೇಟಿಯಲ್ಲಿಯೂ ಅಕ್ಕ ನನ್ನ ಮುಖ ನೋಡಿ, "ನಿನಗರ ನೆನಪೈತೇನೋ?" ಎಂದು ಕೇಳುತ್ತಾಳೆ. ಪ್ರಾಸದ ಲೆಕ್ಕ ಹಿಡಿದು ಹುಡುಕಿದೆ. ಎರಡನೆಯ ಅಕ್ಷರ ರಕಾರ ಇರಬೇಕು: ಸೆರಗು, ಮರಳಿ, ಕೊರಳು. ಯಾವುದೂ ಅವ್ವನ ಬಾಯಿಯದೆನಿಸಲಿಲ್ಲ. ಈಚೆಗೆ ಲಜ್ಜೆ ಬಿಟ್ಟು ಹೊಸ ಗಣಕಯಂತ್ರವನ್ನೇ ಕೇಳಿದೆ. ಈಗಿನವು ಕವಿತೆಯನ್ನೂ ಕಟ್ಟುತ್ತವಲ್ಲ. ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಹನ್ನೆರಡು ಮೂರನೆಯ ಸಾಲುಗಳನ್ನು ಮುಂದಿಟ್ಟಿತು. ಪ್ರಾಸ ತಪ್ಪಿರಲಿಲ್ಲ, ಮಾತ್ರೆ ತಪ್ಪಿರಲಿಲ್ಲ, ಇನ್ನೂ ಬೇಕೇ ಎಂದೂ ಕೇಳಿತು. ಹಳೆಯ ಯಂತ್ರವನ್ನು ಕೇಳಿದ್ದರೆ ಗೊತ್ತಿಲ್ಲ ಎಂದು ಸುಮ್ಮನಾಗುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರ ಮೇಲೆ ನನಗೆ ಗೌರವ ಹೆಚ್ಚುತ್ತಿದೆ, ಬಹುಶಃ ನಾನು ಆ ಗುಂಪಿನವನಲ್ಲವಾದ್ದರಿಂದ.

ಹೀಗಿರುವಾಗ ಕಳೆದ ತಿಂಗಳು ಮುಧೋಳದಿಂದ ವಿದ್ಯಾ ಬಂದರು. ಅಲ್ಲಿ ಗಣಕವಿಜ್ಞಾನ ಕಲಿಸುವ ಅಧ್ಯಾಪಕಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಂಡತಿ. ಹಳೆಯ ಗೃಹಗಣಕಗಳನ್ನು ಹುಡುಕಿ ಜೀವ ಬರಿಸುವುದು ಅವರ ಹವ್ಯಾಸ. ನಮ್ಮ ಮನೆಯ ಟ್ರಂಕಿನ ಸುದ್ದಿ ಗಂಡನಿಂದ ತಿಳಿದು, ಒಂದು ಕ್ಯಾಸೆಟ್ ಪ್ಲೇಯರನ್ನೂ ಕೈಚೀಲ ತುಂಬ ತಂತಿಗಳನ್ನೂ ಹಿಡಿದುಕೊಂಡೇ ಬಂದಿದ್ದರು. ಅದೇ ದಿನ ಶಾಂತಕ್ಕ ಕಣ್ಣಿನ ಡಾಕ್ಟರಿಗೆ ತೋರಿಸಲು ಜಮಖಂಡಿಗೆ ಬಂದವಳು ನಮ್ಮಲ್ಲಿ ಊಟಕ್ಕಿದ್ದಳು. ನನ್ನ ಗ್ರಹಚಾರ ಕಾಲಸೂಚಿಯನ್ನು ಕರಾರುವಾಕ್ಕಾಗಿ ಪಾಲಿಸುತ್ತದೆ.

ಸೀರೆ ಬಿಚ್ಚಿ ಯಂತ್ರವನ್ನು ಮೇಜಿನ ಮೇಲಿಟ್ಟೆವು. ಅದರ ಮಾತು ನಮ್ಮ ಈಗಿನ ಟೀವಿಗೆ ಅರ್ಥವಾಗಲಿಲ್ಲ. ವಿದ್ಯಾ ತಂದ ಪುಟ್ಟ ಡಬ್ಬಿಯೊಂದು ನಡುವೆ ದುಭಾಷಿಯಾಗಿ ನಿಂತಿತು. ಗುಂಡಿ ಒತ್ತಿದ ಮರುಕ್ಷಣ ಮೂವತ್ತೈದು ವರ್ಷಗಳ ನಿದ್ರೆಯಿಂದ ಎದ್ದು 'ಸಿದ್ಧ' ಎಂದಿತು. "ಎಷ್ಟ ಛಲೋ ಇಟ್ಟೀರಿ ಸರ," ಎಂದು ವಿದ್ಯಾ ಸಂತೋಷಪಟ್ಟು, "ಇದರಾಗ ಹಾಕಾಕ ಏನರ ಕ್ಯಾಸೆಟ್ ಅದಾವೇನ್ರಿ?" ಎಂದು ಕೇಳಿದರು. ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತಕ್ಕ ಟ್ರಂಕಿನ ಮೂಲೆಗೆ ಕೈಹಾಕಿ, "ಇಲ್ಲೊಂದೈತಿ ನೋಡವ್ವ," ಎಂದು ತೆಗೆದೇಬಿಟ್ಟಳು.

ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದವಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗೀರಿದ್ದರ ಕೆಳಗೆ ಗಂಡನ ಕೈಬರಹ ಅವಳಿಗೆ ಸಿಕ್ಕಿತು. ಬೆನ್ನಿಗೆ ತಿರುಗಿಸಿದಳು. ಹಳದಿಯಾಗಿ ಒಣಗಿದ ಅಂಟುಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು, ಅದರ ಅಡಿಯಲ್ಲಿ ಮುರಿದ ಚಿಪ್ಪಿನ ಗುಳಿ ಇತ್ತು.

"ಇಲಿ ಕಡದಿತ್ತಂದ್ಯಲ್ಲೋ," ಎಂದಳು.

ಸುಮಿತ್ರಾ ನನ್ನನ್ನು ನೋಡಿದಳು, ವಿದ್ಯಾ ತಂತಿಗಳನ್ನು ನೋಡತೊಡಗಿದರು. ನಾನು ಎಲ್ಲವನ್ನೂ ಹೇಳಿದೆ, ಅಂಟುಪಟ್ಟಿಯನ್ನೂ ಬಿಡದೆ. ಹೇಳಿ ಮುಗಿಸಿದಾಗ ನಾನು ಬಯಸಿದ್ದು ಬೈಗಳನ್ನು. ಬೈದರೆ ಒಂದು ಲೆಕ್ಕ ಮುಗಿಯುತ್ತದೆ. ಅಕ್ಕ ಬೈಯಲಿಲ್ಲ. ಕ್ಯಾಸೆಟ್ಟನ್ನು ವಿದ್ಯಾರ ಕೈಗೆ ಕೊಟ್ಟು, "ಹಚ್ಚವ್ವ, ಏನೈತೋ ಅದನ್ನರ ನೋಡೂಣು," ಎಂದಳಷ್ಟೆ.

ಅದೇ ಕೀರಲು ಪಡಸಾಲೆ ತುಂಬಿತು. ಒಂದೆರಡು ಕಡೆ ಟೇಪು ಸವೆದಿತ್ತು, ವಿದ್ಯಾ ತಾಳ್ಮೆಯಿಂದ ಮತ್ತೆ ಮತ್ತೆ ಸುತ್ತಿದರು, ನಾಲ್ಕನೆಯ ಸಲಕ್ಕೆ ಯಂತ್ರ ಒಪ್ಪಿತು. ಟೀವಿಯ ಮೇಲೆ ದಡಿ ಗೆರೆಗೆರೆಯಾಗಿ ಇಳಿದು ಬಂತು. ಅಕ್ಕ ಎದ್ದು, ಅವ್ವ ಹಚ್ಚಿದ ಹಾಗೆಯೇ ತೆರೆಗೆ ಬೆರಳು ಹಚ್ಚಿ ಎಣಿಸಿದಳು. ಎಡಕ್ಕೆ ಆರು, ಬಲಕ್ಕೆ ಆರು. ನಾನು ಆದೇಶಗಳ ಪಟ್ಟಿ ತೆರೆದು ತೋರಿಸಿದೆ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ನಲವತ್ತೈದು, ಐವತ್ತು. ಇದೊಂದು ಸಾಲು ಅವ್ವ ಹೇಳಿದ್ದು ಎಂದೆ. ನನ್ನ ದನಿಯಲ್ಲಿ ಎಲ್ಲೋ ಒಂದು ಕಡೆ, ಅವಳದೇನೂ ಉಳಿದೇ ಇಲ್ಲ ಎನ್ನುವಂತಿಲ್ಲ ಎಂಬ ವಕೀಲಿ ಇದ್ದಿರಬೇಕು.

"ಎಣಿಕಿ ಬರೋಬರಿ ಐತಿ," ಎಂದಳು ಅಕ್ಕ. "ಆದ್ರ ನಾ ಕೇಳಿದ್ದು ಇದನ್ನಲ್ಲ."

ನಾವು ಟೀವಿಯ ಕಡೆಗೆ ನೋಡುತ್ತ ಕೂತಿದ್ದಾಗ ಕ್ಯಾಸೆಟ್ಟನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಎರಡನೆಯ ದಡಿಯ ಕೀರಲು, ಸೆರಗಿನ ಕೀರಲು, ಒಂದರ ಹಿಂದೊಂದು ಹೋದವು. ಆ ದಿನಗಳಲ್ಲಿ ನಾನು ಬೇಕಾದ ದಡಿ ಸಿಕ್ಕೊಡನೆ ನಿಲ್ಲಿಸುತ್ತಿದ್ದೆ. ಅವ್ವ ಹೋದ ಮೇಲಂತೂ ಆ ಕ್ಯಾಸೆಟ್ಟನ್ನು ಹಚ್ಚುವ ಧೈರ್ಯವೇ ಇರಲಿಲ್ಲ. ಹಾಗಾಗಿ ಅದರ ತುದಿಯಲ್ಲಿ ಏನಿದೆ ಎಂಬುದು ನನಗೆ ತಿಳಿದಿರಲಿಲ್ಲ. ಕೊನೆಯ ಕೀರಲು ತಟ್ಟನೆ ನಿಂತಿತು. ಸ್ವಲ್ಪ ಹೊತ್ತು ಬರಿಯ ಸುಯ್ಯೆಂಬ ಸದ್ದು. ಆಮೇಲೆ ರಾಟಿ ತಿರುಗಿ ನಿಲ್ಲುವ ಸದ್ದು, ಮತ್ತು ಗಂಡಸಿನ ದನಿ.

"ಇನ್ನೊಂದ ಹಾಡ್ರಿ ಅತ್ತಿ."

ಶಾಂತಕ್ಕನ ಕೈ ಬಾಯಿಗೆ ಹೋಯಿತು. ಮಾಮಾ ತೀರಿಕೊಂಡ ಮೇಲೆ ಅವರ ದನಿ ಯಾರ ಬಳಿಯೂ ಇರಲಿಲ್ಲ. ಅದರ ಹಿಂದೆಯೇ ಅವ್ವ, ಇನ್ನೂ ಗಂಟಲು ಕಟ್ಟಿರದ ನಮ್ಮವ್ವ, ದಣಿದು ನಗುತ್ತ ಹೇಳಿದಳು:

"ಸಾಕ ಬಿಡ್ರಿ, ಬಂದ್ ಮಾಡ್ರಿ ಇನ್ನ. ನಾಳಿ ಹಾಡಿದ್ರ ಆತಲ್ರಿ."

ಠಕ್ ಎಂದು ಗುಂಡಿ ಒತ್ತಿದ ಸದ್ದು. ಅಲ್ಲಿಗೆ ಮುಗಿಯಿತು. ಒಂದು ಪದವೂ ಉಳಿದಿರಲಿಲ್ಲ.

ಅಕ್ಕ ಅದನ್ನು ಮೂರು ಸಲ ಹಚ್ಚಿಸಿ ಕೇಳಿದಳು. ವಿದ್ಯಾ ಅಷ್ಟು ಭಾಗವನ್ನು ಅವಳ ಫೋನಿಗೆ ಇಳಿಸಿಕೊಟ್ಟರು. ಸಂಜೆ ಬಸ್ ನಿಲ್ದಾಣದವರೆಗೆ ಆಟೋದಲ್ಲಿ ಅಕ್ಕನ ಜೊತೆಗೆ ಹೋದೆ. ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತ ಮೇಲೆ ಕೆಳಗೆ ನಿಂತ ನನ್ನನ್ನು ನೋಡಿ, "ಮೂವತ್ತೈದ ವರ್ಷ ಇಲಿ ಮ್ಯಾಲ ಹಾಕಿದ್ಯಲ್ಲೋ. ಪಾಪ, ಇಲಿ," ಎಂದಳು. ಬಸ್ಸು ಹೊರಟಿತು. ಅವಳು ತಿರುಗಿ ನೋಡಲಿಲ್ಲ.

ಹಳೆಯ ಗಣಕಯಂತ್ರಗಳನ್ನು ಜನ ಏಕೆ ಇನ್ನೂ ಮೋಹಿಸುತ್ತಾರೆ ಎಂಬುದಕ್ಕೆ ವಿದ್ಯಾ ಆ ದಿನ ಹಲವು ಕಾರಣ ಹೇಳಿದ್ದರು: ಸರಳತೆ, ಪಾರದರ್ಶಕತೆ, ಎಲ್ಲವೂ ನಮ್ಮ ಕೈಯಲ್ಲಿರುವ ಭಾವ. ಎಲ್ಲವೂ ನಿಜ. ನನ್ನ ಮಟ್ಟಿಗೆ ಕಾರಣ ಬೇರೆ. ಅದರಲ್ಲಿ ಹತ್ತರ ಮುಂದೆ ಇಪ್ಪತ್ತು ಬರುತ್ತಿತ್ತು. ತಪ್ಪಿದರೆ ನಡುವೆ ಹೋಗಿ ತಿದ್ದಿ ಬರಬಹುದಿತ್ತು. ಆ ಅನುಕೂಲವನ್ನು ನಾನು ಯಂತ್ರದ್ದಲ್ಲ, ಬದುಕಿನದೇ ಎಂದು ತಿಳಿದುಬಿಟ್ಟೆ. ಅವ್ವನ ದಿನಗಳಿಗೆ ಒಂದರ ಮುಂದೆ ಎರಡು, ಎರಡರ ಮುಂದೆ ಮೂರು ಎಂದು ಸಂಖ್ಯೆ ಬಿದ್ದಿತ್ತು. ಗಣಿತದ ಮೇಷ್ಟರಿಗೆ ಅದು ಕಾಣಲಿಲ್ಲ. ಅದಕ್ಕಾಗಿ ನನಗೆ ನಾಚಿಕೆಯೂ ಇದೆ, ದುಃಖವೂ ಇದೆ, ಎರಡೂ ಈಗ ತಿದ್ದುಪಡಿಗೆ ಸಿಕ್ಕುವಂಥವಲ್ಲ.

ಅಕ್ಕ ಹೋದ ಮರುದಿನ ಬೆಳಿಗ್ಗೆ ಹೊಸ ಯಂತ್ರದ ಮುಂದೆ ಕೂತೆ. ಎಂದಿನಂತೆ ಅದು ಕೇಳಿತು: ಈಗಲೋ, ನಾಳೆಯೋ. ಕೈ ಅಭ್ಯಾಸಬಲದಿಂದ ನಾಳೆಯ ಕಡೆಗೆ ಹೋಗಿ, ಅಲ್ಲಿಯೇ ನಿಂತಿತು. ಈಗ ಎಂದು ಒತ್ತಿದೆ. ಚಕ್ರ ತಿರುಗತೊಡಗಿತು. ನಾನು ಶಾಂತಕ್ಕನಿಗೆ ಫೋನು ಮಾಡಿ, ಆ ಎರಡು ಸಾಲು ನೀನು ಹಾಡು, ನಾನು ಬಂದು ಹಿಡಿದುಕೊಳ್ಳುತ್ತೇನೆ ಎಂದೆ.

"ಎರಡಽ ಸಾಲ ಬರ್ತಾವಲ್ಲೋ."

"ಎರಡಽ ಇರಲಿ."

"ಗಂಟಲಾ ಕಟ್ಟೇತೋ ಇವತ್ತ. ನಾಳಿ ಬಾ," ಎಂದಳು.

"ಇಲ್ಲಕ್ಕಾ. ಕಟ್ಟಿದ ಗಂಟಲಾನಽ ಇರಲಿ. ಇವತ್ತಽ ಬರ್ತೇನಿ."

ಚಪ್ಪಲಿ ಮೆಟ್ಟುವಾಗ ಸುಮಿತ್ರಾ ಮೇಜಿನ ಕಡೆ ಕೈತೋರಿಸಿ, ಇದನ್ನು ಬಂದ್ ಮಾಡಲೇನು ಎಂದು ಕೇಳಿದಳು. ಪ್ರತಿಶತ ಹನ್ನೊಂದು ಎಂದು ತೋರಿಸುತ್ತಿತ್ತು; ಇರಲಿ ಬಿಡು ಎಂದು ಹೊರಟೆ. ತೇರದಾಳದ ಬಸ್ಸಿನಲ್ಲಿ ಕಿಟಕಿಯ ಬದಿಗೇ ಜಾಗ ಸಿಕ್ಕಿತು. ತಿರುವಿಗೊಂದು ಬೇವು ಈಗ ಇಲ್ಲ, ರಸ್ತೆ ಅಗಲ ಮಾಡುವಾಗ ಎಷ್ಟೋ ಹೋಗಿವೆ. ಉಳಿದವನ್ನು ಎಣಿಸುತ್ತ ಕೂತೆ. ಮನೆಯಲ್ಲಿ ಯಂತ್ರ ಎಷ್ಟಕ್ಕೆ ಬಂದಿತ್ತೋ ಗೊತ್ತಿಲ್ಲ, ನಾನು ನಾಲ್ಕನೆಯ ಬೇವಿಗೆ ಬಂದಿದ್ದೆ.